ಸಿದ್ದರಬೆಟ್ಟ ಹತ್ತಿದ ಐದೂವರೆ ಇಂಚಿನ ನಾಗವಲ್ಲಿ

ಸಿದ್ದರಬೆಟ್ಟಕ್ಕೆ ಬರುವವರಲ್ಲಿ ಹೆಚ್ಚಿನವರು ಹರಕೆ ಹೊತ್ತವರು. ಇನ್ನೊಂದಿಷ್ಟು ಜನ ಬೆಂಗಳೂರಿನಿಂದ ಟ್ರೆಕ್ಕಿಂಗ್ ಗುಂಪಿನ ಜೊತೆ ಬಂದು, ಹಣೆಗೆ ಟಾರ್ಚ್ ಕಟ್ಟಿಕೊಂಡು ಬಂಡೆ ಸಂದಿಗಳಲ್ಲಿ ತೆವಳುವ ನಮ್ಮಂಥ ಐಟಿ ಮಂದಿ. ಸೊಪ್ಪು, ಬೇರು ಹುಡುಕಿಕೊಂಡು ಬರುವ ನಾಟಿ ವೈದ್ಯರೂ ಇದ್ದಾರೆ. ಆದರೆ ಗೊಂಬೆಗಳ ಫೋಟೋ ತೆಗೆಯೋಕೆ ಅಂತ ಬಂದವರನ್ನು ಬುಡದ ಹಣ್ಣುಕಾಯಿ ಅಂಗಡಿಯ ಅಜ್ಜಿ ಅದೇ ಮೊದಲು ನೋಡಿದ್ದು ಅನ್ನಿಸುತ್ತೆ. ನನ್ನ ಕೈಯಲ್ಲಿದ್ದ ಶೂ ಡಬ್ಬದೊಳಗೆ ಇಣುಕಿ, "ಯಾರಪ್ಪಾ ಈಯಮ್ಮ?" ಅಂದರು.

"ನಾಗವಲ್ಲಿ. ಆಪ್ತಮಿತ್ರ ಸಿನಿಮಾದೋಳು."

"ಶಿವನೇ!" ಅಂತ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮತ್ತೆ ಬಗ್ಗಿ ನೋಡಿ ನಕ್ಕುಬಿಟ್ಟರು. "ಚೆಂದಾಗವ್ಳೆ ಕಣಪ್ಪ, ಮಂಗ ಕಿತ್ಕಂಡೀತು ಹುಷಾರು."

ಮಂಗದ ವಿಷಯಕ್ಕೆ ಆಮೇಲೆ ಬರ್ತೀನಿ.

ಸಿದ್ದರಬೆಟ್ಟ ಇರುವುದು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೊರಟಗೆರೆ ಮೇಲೆ ಬರಬಹುದು, ಇಲ್ಲಾ ಸೀದಾ ತುಮಕೂರಿಗೆ ಹೋಗಿ ತೋವಿನಕೆರೆ ದಾರಿ ಹಿಡಿಯಬಹುದು. ನನ್ನ ಓಟು ಎರಡನೆಯದಕ್ಕೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನದೆ ತುಮಕೂರು ದಾಟುವುದು ನಮ್ಮ ಮನೆಯಲ್ಲಿ ಅಪರಾಧ. ಇಡ್ಲಿ ಮುಗಿಸಿ, ತುಮಕೂರಿನಲ್ಲಿ ಅತ್ತೆಯನ್ನು ಹತ್ತಿಸಿಕೊಂಡೆವು. ಕಾರು ಓಡಿಸುತ್ತಿದ್ದವನು ಅತ್ತೆಯ ಮಗ, ವಯಸ್ಸು 24. ಭಾದ್ರಪದದ ಮೋಡ, ದಾರಿಯುದ್ದಕ್ಕೂ ಹುಣಸೆಮರಗಳು, ಮೊಣಕಾಲುದ್ದ ಬೆಳೆದ ರಾಗಿ ಹೊಲ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ಶೂ ಡಬ್ಬ. ಡಬ್ಬದಲ್ಲಿ ಮೂರು ಜನ: ಗಂಗಾ ಅಲಿಯಾಸ್ ನಾಗವಲ್ಲಿ, ಡಾಕ್ಟರ್ ವಿಜಯ್, ಮತ್ತು ರಾಜ ವಿಜಯ ರಾಜೇಂದ್ರ ಬಹದ್ದೂರ್.

ಗೊತ್ತಿಲ್ಲದವರಿಗೆ ಒಂದು ಮಾತು. ಹಾಲಿವುಡ್‌ನಲ್ಲಿ ಒಂದು ಸಿನಿಮಾ ಗೆದ್ದರೆ ಅದರ ಗೊಂಬೆಗಳು ಅಂಗಡಿಗೆ ಬರುತ್ತವೆ. 1984ರ 'ಘೋಸ್ಟ್‌ಬಸ್ಟರ್ಸ್' ದೆವ್ವ ಹಿಡಿಯುವವರ ಕಾಮಿಡಿ. ಅದರಿಂದ ಹುಟ್ಟಿದ ಕಾರ್ಟೂನಿಗೆ ಕೆನ್ನರ್ ಕಂಪನಿ ಮಾಡಿದ ಗೊಂಬೆಗಳನ್ನು ಇವತ್ತಿಗೂ ಜನ ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿ? ಹೆದರಿಸುತ್ತಾ ನಗಿಸಿದ ಕನ್ನಡ ಸಿನಿಮಾ ಅಂದರೆ ಮೊದಲು ಬಾಯಿಗೆ ಬರುವುದು 'ಆಪ್ತಮಿತ್ರ'. 27 ಆಗಸ್ಟ್ 2004ರಂದು ತೆರೆಗೆ ಬಂತು, ವರ್ಷಗಟ್ಟಲೆ ಓಡಿತು, ದ್ವಾರಕೀಶ್ ಅವರ ಕೈ ಹಿಡಿಯಿತು. ಕೇರಳದ ತೆರವಾಡಿನಲ್ಲಿ ನಡೆವ 1993ರ ಮಲಯಾಳಂ 'ಮಣಿಚಿತ್ರತಾಳು' ಕಥೆಯನ್ನು ಪಿ. ವಾಸು ಮೈಸೂರಿನ ಅರಮನೆಗೆ ತಂದರು. ಮರುವರ್ಷ ಅದೇ ವಾಸು ತಮಿಳಿನಲ್ಲಿ 'ಚಂದ್ರಮುಖಿ' ಮಾಡಿದರು, 2007ಕ್ಕೆ ಹಿಂದಿಯಲ್ಲಿ 'ಭೂಲ್ ಭುಲೈಯಾ' ಬಂತು. ಇಷ್ಟೆಲ್ಲ ಆದರೂ ನಾಗವಲ್ಲಿಯ ಗೊಂಬೆಯನ್ನು ನಾನಂತೂ ಯಾವ ಅಂಗಡಿಯಲ್ಲೂ ನೋಡಿಲ್ಲ. ಬೇಕಾದರೆ ನೀವೇ ಮಾಡಿಕೊಳ್ಳಬೇಕು. ಹಾಗೆ ಮಾಡಿಕೊಳ್ಳೋದಕ್ಕೇ 'ಕಸ್ಟಮ್ ಫಿಗರ್' ಅನ್ನೋದು. ಸ್ಪ್ರಿಂಟ್, ಸ್ಟ್ಯಾಂಡಪ್, ರಿಲೀಸ್ ಎಲ್ಲ ಮುಗಿದ ಶನಿವಾರ ರಾತ್ರಿಗಳಲ್ಲಿ ನನ್ನ ತಲೆ ಉಳಿಸಿರುವುದು ಈ ಹುಚ್ಚು.

ಆದರೆ ಈ ನಾಗವಲ್ಲಿ ನನ್ನ ಆಸೆಯಲ್ಲ. ಅತ್ತೆಯ ಆರ್ಡರು.

ಅತ್ತೆ ಅಂದರೆ ಅಪ್ಪನ ತಂಗಿ. 2001ರಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದರು. ತವರು ತೋವಿನಕೆರೆ ಕಡೆಯ ಹಳ್ಳಿ, ಮನೆಯ ಜಗಲಿಯಲ್ಲಿ ಕೂತರೆ ಸಿದ್ದರಬೆಟ್ಟ ಕಾಣುತ್ತೆ. ನನಗಾಗ ಏಳು ವರ್ಷ. ಹೆರಿಗೆಯಾಗಿ ಹತ್ತು ದಿನಕ್ಕೆ ಅತ್ತೆ ನಿದ್ದೆ ಮಾಡುವುದನ್ನು ನಿಲ್ಲಿಸಿದರು. ಆಮೇಲೆ ಯಾರೋ ಕರೀತಿದ್ದಾರೆ ಅನ್ನೋರು. ಮಗುವನ್ನು ತೋರಿಸಿ "ಇದು ನಂದಲ್ಲ, ಬದಲಾಯಿಸಿದ್ದೀರಿ" ಅನ್ನೋರು. ಒಂದು ರಾತ್ರಿ ಬೇರೆ ಯಾರದ್ದೋ ದನಿಯಲ್ಲಿ ಅಜ್ಜನನ್ನು ಹೆಸರು ಹಿಡಿದು ಬೈದರು. ಮಕ್ಕಳನ್ನೆಲ್ಲ ಪಕ್ಕದ ಮನೆಗೆ ಕಳಿಸಿದರು. ಪಕ್ಕದ ಮನೆಯಲ್ಲಿ ದೊಡ್ಡವರು ಪಿಸುಗುಟ್ಟಿದ್ದು ಒಂದೇ ಮಾತು: "ಗಾಳಿ ಮೆಟ್ಕಂಡೈತೆ."

ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆ, ತಾಯತ, ಎಲ್ಲ ಆಯಿತು. ಸಿದ್ದರಬೆಟ್ಟವೂ ಆಯಿತು. ಬೆಳಗಿನ ಜಾವ ಅಜ್ಜ ಮತ್ತು ಚಿಕ್ಕಪ್ಪ ಎರಡೂ ರಟ್ಟೆ ಹಿಡಿದು ಅತ್ತೆಯನ್ನು ಮೇಲೆ ಹತ್ತಿಸಿ, ಗವಿಯ ನೀರು ತಲೆಗೆ ಹೊಯ್ದು ಕರೆತಂದರು. ಕೊನೆಗೆ ಊರಿನ ಸ್ಕೂಲ್ ಮೇಷ್ಟ್ರು ಬಂದು, "ಇದು ಬಾಣಂತಿ ಸನ್ನಿ ಕಣಯ್ಯ, ಕಾಯಿಲೆ. ಬೆಂಗಳೂರಿಗೆ ಕರ್ಕೊಂಡು ಹೋಗಿ" ಅಂದರು. ನಿಮ್ಹಾನ್ಸ್‌ನಲ್ಲಿ ಔಷಧಿ ಶುರುವಾಯಿತು. ಕೆಲವು ವಾರಕ್ಕೆ ಅತ್ತೆ ಅತ್ತೆಯಾದರು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ, ತಡಮಾಡದೆ ಚಿಕಿತ್ಸೆ ಕೊಟ್ಟರೆ ಪೂರ್ತಿ ವಾಸಿಯಾಗುತ್ತೆ ಅಂತ ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. (ಈಗ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿಕೊಳ್ಳುವ ಪ್ರತ್ಯೇಕ ವಾರ್ಡೇ ಇದೆ. ಮನೆಯಲ್ಲಿ ಇಂಥದ್ದು ಕಂಡರೆ 14416ಕ್ಕೆ ಫೋನ್ ಮಾಡಿದರೂ ಆಯಿತು, ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡಬಹುದು.)

ಅತ್ತೆ ವಾಸಿಯಾದರು, ಊರು ವಾಸಿಯಾಗಲಿಲ್ಲ. ಮದುವೆ, ನಾಮಕರಣ ಅಂತ ಹೋದಲ್ಲೆಲ್ಲ ಹೆಂಗಸರು ಅತ್ತೆಯ ಕಣ್ಣನ್ನೇ ನೋಡೋರು. ಹೀಗೆ ಮೂರು ವರ್ಷ. ಆಮೇಲೆ 'ಆಪ್ತಮಿತ್ರ' ಬಂತು. ತುಮಕೂರಿನ ಥಿಯೇಟರಿಗೆ ಮನೆಮಂದಿಯೆಲ್ಲ ಹೋಗಿದ್ದೆವು. ಬೇಡ ಅಂತ ಅಜ್ಜಿ ಎಷ್ಟು ಹೇಳಿದರೂ ಅತ್ತೆ ಬಂದರು. ಇಂಟರ್‌ವಲ್ ಆದಮೇಲೆ ನಾವೆಲ್ಲ ಪರದೆ ಬಿಟ್ಟು ಅತ್ತೆಯ ಮುಖ ನೋಡ್ತಾ ಕೂತಿದ್ದೆವು. ಅತ್ತೆ ಮಾತ್ರ ಪರದೆ ಬಿಟ್ಟು ಕಣ್ಣು ತೆಗೆಯಲಿಲ್ಲ. ಹೊರಗೆ ಬಂದು ಅವರು ಅಂದ ಮಾತು ನಮ್ಮ ಮನೆಯಲ್ಲಿ ಈಗ ಗಾದೆ: "ನೋಡಿದ್ರಾ? ಅವಳಿಗೆ ಹಿಡಿದಿದ್ದು ದೆವ್ವ ಅಲ್ಲ."

ಸಿನಿಮಾದ ವೈದ್ಯಶಾಸ್ತ್ರ ಅಷ್ಟಕ್ಕಷ್ಟೇ, ಅದು ಬೇರೆ ಮಾತು. ಯಾವ ಸೈಕಿಯಾಟ್ರಿಸ್ಟೂ ರೋಗಿಗೆ ಗೆಜ್ಜೆ ಕಟ್ಟಿಸಿ, ಆಚಾರ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಕಿತ್ಸೆ ಮಾಡಲ್ಲ. ಅತ್ತೆಯೇ ತಮಾಷೆ ಮಾಡ್ತಾರೆ, "ನಂಗೆ ಮಾತ್ರೆ ಕೊಟ್ರು ಅಷ್ಟೇ ಕಣೋ, ಡಾನ್ಸು ಮಾಡಿಸಲಿಲ್ಲ" ಅಂತ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಆ ಕಥೆಯಲ್ಲಿ ನಾಗವಲ್ಲಿಯ ಕೋಪ ತಣಿಸುವುದು ಒಂದು ಗೊಂಬೆ. ಕೊನೆಯಲ್ಲಿ ಹಲಗೆ ತಿರುಗುತ್ತೆ, ಮನುಷ್ಯ ಕೆಳಗೆ ಹೋಗ್ತಾನೆ, ಅವನ ಜಾಗಕ್ಕೆ ಆಳೆತ್ತರದ ಪ್ರತಿಕೃತಿ ಬರುತ್ತೆ. ಅವಳು ಸೇಡು ತೀರಿಸಿಕೊಳ್ಳೋದು ಅದರ ಮೇಲೆ. ಗೊಂಬೆ ಮಾಡುವವನಾಗಿ ನನಗೆ ಇದು ಬಹಳ ಹೆಮ್ಮೆಯ ಸಂಗತಿ.

ಅಂದ ಹಾಗೆ, ಹೆದರಿಸಿ ನಗಿಸುವ ಗೊಂಬೆ ನಮ್ಮ ಸೀಮೆಗೆ ಹೊಸದೂ ಅಲ್ಲ. ತುಮಕೂರು ಕಡೆಯ ಊರಹಬ್ಬಗಳಲ್ಲಿ ಸೋಮನ ಕುಣಿತ ನೋಡಿದವರಿಗೆ ಗೊತ್ತು. ಗ್ರಾಮದೇವತೆಯ ಕಾವಲಿನ ಸೋಮಗಳು ಅಗಲ ಮುಖ, ಗುಡ್ಡೆಗಣ್ಣು, ದಪ್ಪ ಮೀಸೆ ಹೊತ್ತು ಬಂದರೆ ಮಕ್ಕಳು ಅಮ್ಮನ ಸೆರಗಿನ ಹಿಂದೆ. ಕೆಂಪು ಮುಖವಾದರೆ ಸೌಮ್ಯ, ಹಳದಿ ಅಥವಾ ಕಪ್ಪಾದರೆ ಉಗ್ರ. ಬಣ್ಣದಲ್ಲೇ ಗುಣ ಹೇಳಿಬಿಡುವ ಜಾಣತನ. ಇನ್ನು ಗಾರುಡಿ ಗೊಂಬೆ, ಅಂದರೆ ತಟ್ಟಿರಾಯ. ಬಿದಿರಿನ ದಬ್ಬೆಯ ಆ ದೈತ್ಯ ಗೊಂಬೆಯ ಒಳಗೆ ಮನುಷ್ಯ ಹೊಕ್ಕು, ಎತ್ತಿ, ಕುಣಿಸಬೇಕು. ತಟ್ಟಿರಾಯನಿಗೆ ಹೆದರಿ ಓಡಿದ ಮಗುವೇ ಎರಡು ನಿಮಿಷದಲ್ಲಿ ಅದರ ಲಂಗ ಎಳೆಯುತ್ತಿರುತ್ತೆ. ಅವರದು ಹತ್ತಡಿ ಮೇಲಿನ ಕಲೆ, ನನ್ನದು ಐದೂವರೆ ಇಂಚಿನದು. ಎರಡಕ್ಕೂ ಕಷ್ಟ ಒಂದೇ, ಮುಖ.

ಅಳತೆ ಹೇಳ್ತೀನಿ ಕೇಳಿ. ನಾನು ಮಾಡುವುದು ಹನ್ನೆರಡರಲ್ಲಿ ಒಂದು ಪಾಲಿನ ಗೊಂಬೆ. 165 ಸೆಂಟಿಮೀಟರ್ ಎತ್ತರದ ಹೆಣ್ಣು ಇಲ್ಲಿ 13.75 ಸೆಂಟಿಮೀಟರ್ ಆಗ್ತಾಳೆ. ತಲೆ ಒಂದು ಅಡಿಕೆಯಷ್ಟು. ಕಣ್ಣು ಸಾಸಿವೆ ಕಾಳು. ಆ ಸಾಸಿವೆಯೊಳಗೆ ಕಪ್ಪುಗುಡ್ಡೆ ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು, ಹೆದರಿದವಳು ಹೆದರಿಸುವವಳಾಗಿಬಿಡ್ತಾಳೆ.

ಮೈ ಕಟ್ಟಲು ಅಲ್ಯೂಮಿನಿಯಂ ತಂತಿ, ಅದರ ಮೇಲೆ ಎಂ-ಸೀಲ್. ಹೌದು, ನಲ್ಲಿ ಸೋರಿದರೆ ಮೆತ್ತುವ ಅದೇ ಎಂ-ಸೀಲ್. ಎರಡು ಉಂಡೆ ಬೆರೆಸಿ ನಾದಿದ ಮೇಲೆ ಅರ್ಧ ಗಂಟೆಯೊಳಗೆ ಆಕಾರ ಕೊಡಬೇಕು, ಒದ್ದೆ ಬೆರಳಲ್ಲಿ ಸವರಿದರೆ ನುಣುಪಾಗುತ್ತೆ. ಕೈಗೆ ಗ್ಲೌಸ್ ಹಾಕಿ, ಇಲ್ಲಾಂದ್ರೆ ಚರ್ಮ ಉರಿಯುತ್ತೆ. ತಲೆಗೆ ಮಾತ್ರ ಪಾಲಿಮರ್ ಕ್ಲೇ. ಅದು ಒಣಗಲ್ಲ, ಎಷ್ಟು ಹೊತ್ತು ಬೇಕಾದರೂ ತಿದ್ದಬಹುದು. ಒಳಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ, ಹೊರಗೆ ತೆಳು ಪದರ ಕ್ಲೇ, ತೃಪ್ತಿಯಾದಾಗ ಓವನ್‌ನಲ್ಲಿ ಸುಮಾರು 130 ಡಿಗ್ರಿಯಲ್ಲಿ ಸುಟ್ಟರೆ ಗಟ್ಟಿ. ಉಪಕರಣ ಅಂದರೆ ಗುಂಡುಸೂಜಿ, ಹಲ್ಲುಕಡ್ಡಿ, ಅಮ್ಮನ ಹಳೇ ಕ್ರೋಷಾ ಕಡ್ಡಿ. ಒಡವೆಗೆ ಬೇಕಾದ ಸಣ್ಣ ಮಣಿ, ಜರಿ ಎಳೆ ಮಾಮೂಲ್‌ಪೇಟೆಯಲ್ಲಿ ಸಿಗುತ್ತೆ. ಡಾಕ್ಟರ್ ವಿಜಯ್ ಗೊಂಬೆಗೆ ವಿಷ್ಣು ದಾದನ ಕಡಗ ಬೇಕಲ್ಲ, ತಾಮ್ರದ ತಂತಿಯನ್ನು ಪೆನ್ನಿನ ರಿಫಿಲ್‌ಗೆ ಸುತ್ತಿ ಕತ್ತರಿಸಿದೆ. ಕಡಗ ತೊಡಿಸಿದ ಕೂಡಲೇ ಅಲ್ಲಿವರೆಗೂ ಯಾರೋ ಆಗಿದ್ದ ಗೊಂಬೆ ವಿಷ್ಣುವರ್ಧನ್ ಆಗಿಹೋಯಿತು. ಇಂಥ ಒಂದು ಗುರುತು ಸಿಕ್ಕಿದರೆ ಅರ್ಧ ಗೆದ್ದ ಹಾಗೆ.

ನಾಗವಲ್ಲಿಗೆ ಅಂಥ ಗುರುತು ಬೇಕಾದಷ್ಟಿವೆ. ಕೆದರಿದ ಕೂದಲು, ಹರಡಿದ ಕಾಡಿಗೆ, ಹಣೆ ತುಂಬ ಕುಂಕುಮ, ಗೆಜ್ಜೆ. ಮೊದಲ ತಲೆಯನ್ನು ಹಾಗೇ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಅತ್ತೆ ಫೋನ್ ಮಾಡಿದರು.

"ಇದು ನಾಗವಲ್ಲಿ ಕಣೋ. ನಾನು ಕೇಳಿದ್ದು ಗಂಗಾನ."

"ಅತ್ತೆ, ಇಬ್ಬರೂ ಒಬ್ಬಳೇ ಅಲ್ವಾ?"

"ಅದೇ ಹೇಳ್ತಿರೋದು. ಒಬ್ಬಳೇ. ನೀನು ಅರ್ಧ ಮಾಡಿದ್ದೀಯ."

ಅವರಿಗೆ ಬೇಕಿದ್ದದ್ದು ಮಂಚ ಎತ್ತುವ ದೃಶ್ಯಕ್ಕೆ ಸ್ವಲ್ಪ ಮುಂಚಿನ ಮುಖ. ಗಂಡನ ಜೊತೆ ಮಾತಾಡುತ್ತಾ ಮಾತಾಡುತ್ತಾ ಗಂಗಾ ಬೇರೆಯವಳಾಗುತ್ತಾಳಲ್ಲ, ಆ ಗಳಿಗೆ. ಹೆಂಡತಿಯೂ ಹೌದು, ಅಲ್ಲವೂ ಹೌದು. ಸೌಂದರ್ಯ ಅದನ್ನು ಮೇಕಪ್ಪಿನ ಸಹಾಯವಿಲ್ಲದೆ ಬರೀ ಕಣ್ಣು, ಕತ್ತಿನಲ್ಲಿ ಮಾಡಿದ್ದಾರೆ. ಮುಳಬಾಗಿಲು ಕಡೆಯ ಈ ಹೆಣ್ಣುಮಗಳು ಸಿನಿಮಾ ತೆರೆಗೆ ಬರುವುದನ್ನು ನೋಡಲಿಲ್ಲ, 17 ಏಪ್ರಿಲ್ 2004ರ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಥಿಯೇಟರಿನಲ್ಲಿ ಜನ ಕಿರುಚಿದ್ದು, ಚಪ್ಪಾಳೆ ಹೊಡೆದದ್ದು ನಾಲ್ಕು ತಿಂಗಳ ಹಿಂದೆ ಹೋಗಿಬಿಟ್ಟಿದ್ದ ಮುಖಕ್ಕೆ. ಆ ಮುಖವನ್ನು ಅಡಿಕೆ ಗಾತ್ರಕ್ಕೆ ಇಳಿಸುವಾಗ ಕೈ ನಡುಗಲ್ಲ ಅಂದರೆ ಸುಳ್ಳು. ಇಂಥ ಗೊಂಬೆಗಳನ್ನು ಮಾರುವುದು ನನಗೆ ಇಷ್ಟವಿಲ್ಲ. ಚಿತ್ರದ ಹಕ್ಕು, ನಟರ ಮುಖದ ಹಕ್ಕು ಅನ್ನುವ ಕಾನೂನಿನ ಮಾತು ಹೇಗೂ ಇದೆ, ಅದಿಲ್ಲದಿದ್ದರೂ ಮಾರ್ತಿರಲಿಲ್ಲ.

ಎರಡನೇ ತಲೆಗೆ ಅತ್ತೆಯೇ ಬೆಂಗಳೂರಿಗೆ ಬಂದು ನನ್ನ ಮೇಜಿನ ಪಕ್ಕ ಕೂತರು. ನಾನು ಕಣ್ಣು ಅಗಲ ಮಾಡಲು ಸೂಜಿ ಎತ್ತಿದಾಗ ತಡೆದರು. "ನಿದ್ದೆ ಇಲ್ಲದೋರ ಕಣ್ಣು ದೊಡ್ಡದಾಗಲ್ಲ ಕಣೋ. ಒಣಗುತ್ತೆ. ರೆಪ್ಪೆ ಭಾರ ಇರುತ್ತೆ, ಮುಚ್ಚೋಕೆ ಆಗಲ್ಲ." ಇಪ್ಪತ್ತನಾಲ್ಕು ವರ್ಷದಲ್ಲಿ ಆ ದಿನಗಳ ಬಗ್ಗೆ ಅವರು ನನ್ನ ಮುಂದೆ ಆಡಿದ ಮೊದಲ ಮಾತು ಅದು. ಆಮೇಲೆ ಸಾಲಾಗಿ ಬಂತು. ದವಡೆ ಬಿಗಿಯಾಗಿರುತ್ತೆ. ಕತ್ತು ಒಂದು ಕಡೆ, ಕಿವಿ ಕೊಟ್ಟು ಕೇಳೋ ಹಾಗೆ. ಕೈ ಸುಮ್ಮನಿರಲ್ಲ, ಸೆರಗಿನ ತುದಿ ಸುತ್ತುತ್ತಾ ಇರುತ್ತೆ. ನಾನು ಹೇಳಿದ ಹಾಗೆ ಮಾಡುತ್ತಾ ಹೋದೆ. ಯಾವ ಆನ್‌ಲೈನ್ ಕೋರ್ಸಿನಲ್ಲೂ ಸಿಗದ ಪಾಠ. ರಾತ್ರಿ ಹನ್ನೊಂದಕ್ಕೆ ಓವನ್‌ಗೆ ಇಟ್ಟೆವು. ಅತ್ತೆ ಓವನ್ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕೇಕ್ ಕಾಯುವ ಹಾಗೆ ಕಾದರು.

ಸೀರೆಯದ್ದು ಇನ್ನೊಂದು ಕಥೆ. ಐದೂವರೆ ಮೀಟರ್ ಸೀರೆ ಈ ಅಳತೆಗೆ 46 ಸೆಂಟಿಮೀಟರ್. ಉದ್ದ ಸುಲಭ, ದಪ್ಪ ಕಷ್ಟ. ಬಟ್ಟೆಯ ದಪ್ಪವನ್ನು ಹನ್ನೆರಡು ಪಾಲು ಮಾಡೋಕಾಗಲ್ಲವಲ್ಲ! ಎಂಥ ರೇಷ್ಮೆ ಉಡಿಸಿದರೂ ಗೊಂಬೆ ಟಾರ್ಪಾಲ್ ಸುತ್ತಿಕೊಂಡ ಹಾಗೆ ಕಾಣುತ್ತೆ. ಒಗೆದು ಒಗೆದು ಸವೆದ ಬಟ್ಟೆಯೇ ಬೇಕು. ಅತ್ತೆ ಟ್ರಂಕಿನಿಂದ ಒಂದು ವಾಯಿಲ್ ಸೀರೆ ತೆಗೆದರು, ತಿಳಿ ಹಸಿರು, ಮಧ್ಯೆ ಹಗ್ಗ ಉಜ್ಜಿದ ಗೆರೆ. ಮಗನಿಗೆ ಜೋಳಿಗೆ ಕಟ್ಟಿದ್ದ ಸೀರೆ. ಅದರ ಸೆರಗಿನಿಂದ ಒಂದು ಪಟ್ಟಿ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ನೆರಿಗೆಗೊಂದು ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಸೂಜಿ ತೆಗೆದಾಗ ನೆರಿಗೆ ಹಾಗೇ ನಿಂತಿತು. ನಾಟ್ಯದ ಉಡುಪಿಲ್ಲ, ಒಡವೆಯಿಲ್ಲ. ಕಾಲಿಗೆ ಮಾತ್ರ ಗೆಜ್ಜೆ, ಒಂದೇ ಕಾಲಿಗೆ. ಅದು ಅತ್ತೆಯ ಐಡಿಯಾ.

ಗೊಂಬೆ ಮುಗಿದ ಮೇಲೆ, "ಫೋಟೋ ಎಲ್ಲಿ ತೆಗೀತೀಯ?" ಅಂದರು. ನಮ್ಮಂಥವರು ಗೊಂಬೆಗಳನ್ನು ಹೊರಗೆ ಒಯ್ದು, ನಿಜವಾದ ಕಲ್ಲು-ಮಣ್ಣಿನ ನಡುವೆ ನಿಲ್ಲಿಸಿ ಫೋಟೋ ತೆಗೆಯುವುದು ಮಾಮೂಲು. ಅರಮನೆಯಂಥ ಜಾಗ ಹುಡುಕಬೇಕು ಅಂತಿದ್ದೆ. ಅತ್ತೆ, "ಸಿದ್ದರಬೆಟ್ಟಕ್ಕೆ ಹೋಗೋಣ" ಅಂದುಬಿಟ್ಟರು.

ಬೆಟ್ಟದ ಮೆಟ್ಟಿಲು ಕಷ್ಟದ್ದಲ್ಲ, ಆದರೆ ಉಸಿರು ಎಳೆಸುತ್ತೆ. ಆಚೀಚೆ ಕುರುಚಲು ಕಾಡು, ಒಂದರ ಮೇಲೊಂದು ಬಿದ್ದ ದುಂಡು ಬಂಡೆಗಳು. ಹಿಂದೆ ಸಿದ್ಧರು ಇಲ್ಲಿ ತಪಸ್ಸು ಮಾಡಿದ್ದರು, ಈ ಬೆಟ್ಟದಲ್ಲಿ ಮದ್ದಿಲ್ಲದ ಗಿಡವೇ ಇಲ್ಲ ಅಂತ ಜನ ಹೇಳ್ತಾರೆ. ಹಿಂದಿನ ರಾತ್ರಿ ಮಳೆಯಾಗಿ ಬಂಡೆಗಳೆಲ್ಲ ಕಪ್ಪಗೆ ಹೊಳೀತಿದ್ದವು. ಗೊಂಬೆ ಫೋಟೋಕ್ಕೆ ಇದಕ್ಕಿಂತ ಒಳ್ಳೆ ದಿನ ಸಿಗಲ್ಲ. ಬಿಸಿಲಿದ್ದರೆ ನೆರಳು ಚೂಪಾಗಿ ಗೊಂಬೆ ಗೊಂಬೆಯಾಗೇ ಕಾಣುತ್ತೆ, ಮೋಡದ ಬೆಳಕಿನಲ್ಲಿ ಚರ್ಮ ಚರ್ಮದ ಹಾಗೆ. ನೀವು ಪ್ರಯತ್ನಿಸುವುದಾದರೆ ಒಂದು ಕಿವಿಮಾತು: ಫೋನನ್ನು ತಲೆಕೆಳಗು ಮಾಡಿ. ಆಗ ಲೆನ್ಸು ನೆಲಕ್ಕೆ ತಾಗುತ್ತೆ, ಗೊಂಬೆಯ ಕಣ್ಣಿನ ಮಟ್ಟದಿಂದ ಫೋಟೋ ಬರುತ್ತೆ. ಎರಡಡಿ ಬಂಡೆ ಬೆಟ್ಟವಾಗುತ್ತೆ, ಪಾಚಿ ಹುಲ್ಲುಗಾವಲಾಗುತ್ತೆ. ಪಕ್ಕದಿಂದ ಬೆಳಕು ಬೇಕಾದರೆ ಸಣ್ಣ ಟಾರ್ಚಿಗೆ ಬಟರ್ ಪೇಪರ್ ಸುತ್ತಿ. ಮಂಜಿಗೆ ಊದುಬತ್ತಿ ಹೊಗೆ ಸಾಕು ಅಂತ ಎಲ್ಲರೂ ಹೇಳ್ತಾರೆ, ಕಾಡಿನಲ್ಲಿ ಮಾತ್ರ ಆ ಕೆಲಸ ಬೇಡ.

ಅರ್ಧ ದಾರಿಯಲ್ಲಿ ಮೆಟ್ಟಿಲಿನಿಂದ ಸ್ವಲ್ಪ ಆಚೆ, ಎರಡು ಬಂಡೆಗಳ ನಡುವೆ ಕಮಾನಿನಂಥ ಸಂದು ಸಿಕ್ಕಿತು. ಸಾಕ್ಷಾತ್ ಅರಮನೆ ಬಾಗಿಲು. ರಾಜನನ್ನು ಮೇಲೆ ನಿಲ್ಲಿಸಿ, ಗಂಗಾಳನ್ನು ಕೆಳಗೆ ನಿಲ್ಲಿಸಿ, ನಾನು ನೆಲದ ಮೇಲೆ ಮಲಗಿ ಫ್ರೇಮ್ ನೋಡ್ತಿದ್ದೆ. ಫ್ರೇಮಿನಲ್ಲಿ ಒಂದು ಕೈ ಬಂತು. ಬಹಳ ಕೂದಲಿದ್ದ ಕೈ. ವಿಜಯ ರಾಜೇಂದ್ರ ಬಹದ್ದೂರ್ ಮಾಯ.

ಮಂಗ ಬಂಡೆ ಮೇಲೆ ಕೂತು ರಾಜನನ್ನು ಮೂಸಿ ನೋಡಿತು, ಕಚ್ಚಿತು. ಅತ್ತೆ ಮಗ "ಹೋ ಹೋ" ಅಂತ ಕೂಗಿದ, ಬಿಸ್ಕತ್ ತೋರಿಸಿದ. ಮಂಗ ಕ್ಯಾರೇ ಅನ್ನಲಿಲ್ಲ. ಆಗ ನಮ್ಮತ್ತೆ, ಮಂಡಿ ನೋವು ಅಂತ ಅಲ್ಲಿವರೆಗೂ ಗೊಣಗುತ್ತಿದ್ದ ನಮ್ಮತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ, ಸಿನಿಮಾದ ರಾಜನದೇ ಧಾಟಿಯಲ್ಲಿ "ಹೌಲಾ ಹೌಲಾ ಹೌಲಾ!" ಅಂತ ಕಿರುಚಿದರು. ಬೆಟ್ಟ ಮಾರುತ್ತರ ಕೊಟ್ಟಿತು. ಮಂಗ ರಾಜನನ್ನು ಎಸೆದು ಮರ ಹತ್ತಿತು. ಮೆಟ್ಟಿಲಲ್ಲಿ ಹೋಗುತ್ತಿದ್ದ ಒಂದು ಕುಟುಂಬ ನಿಂತಲ್ಲೇ ನಿಂತಿತು, ಅವರಲ್ಲೊಬ್ಬ ಯಜಮಾನರು ಕೈಮುಗಿದರು ಕೂಡ. ಮೈಮೇಲೆ ಬಂದಿದೆ ಅಂದುಕೊಂಡರೋ ಏನೋ. ಅತ್ತೆ ಅವರ ಕಡೆ ತಿರುಗಿ, "ಏನಿಲ್ಲ ಸ್ವಾಮಿ, ಸಿನಿಮಾ ಡೈಲಾಗು" ಅಂದು ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು. ರಾಜನ ತಲೆ ಒಂದು ಕಡೆ, ಮುಂಡ ಒಂದು ಕಡೆ. ಅತ್ತೆ ಎರಡನ್ನೂ ಎತ್ತಿ ಡಬ್ಬಕ್ಕೆ ಹಾಕುತ್ತಾ, "ತಗೋ, ನಾಗವಲ್ಲಿ ಸೇಡು ತೀರ್ತು" ಅಂದರು.

ಗವಿಗೆ ಗೊಂಬೆಗಳನ್ನು ಒಯ್ಯಲಿಲ್ಲ. ದೇವರ ಮುಂದೆ ಫೋಟೋ ಆಟ ಬೇಡ ಅಂತ ಮೊದಲೇ ಮಾತಾಗಿತ್ತು. ಡಬ್ಬ ಮಗನ ಕೈಗೆ ಕೊಟ್ಟು ನಾನು, ಅತ್ತೆ ಒಳಗೆ ಹೋದೆವು. ಬಗ್ಗಿ ಹೋಗಬೇಕು. ತಂಪು, ದೀಪದೆಣ್ಣೆ ವಾಸನೆ, ಸಿದ್ದೇಶ್ವರಸ್ವಾಮಿ, ಬಂಡೆ ಸಂದಿಯಲ್ಲಿ ಬರುವ ನೀರು. ಆ ನೀರನ್ನು ಜನ ಔಷಧಿ ಅಂತ ಬಾಟಲಿಯಲ್ಲಿ ತುಂಬಿಕೊಳ್ಳುತ್ತಿದ್ದರು. ಅತ್ತೆಯೂ ಬೊಗಸೆಯಲ್ಲಿ ಹಿಡಿದು ಕುಡಿದರು.

"ಅವತ್ತು ಈ ನೀರು ಹುಯ್ದಾಗ ಏನನ್ನಿಸ್ತು ಅತ್ತೆ?"

"ಚಳಿ ಆಯ್ತು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮಪ್ಪ ಅಳ್ತಿದ್ದ. ಅದೊಂದು ಚೆನ್ನಾಗಿ ನೆನಪೈತೆ. ನಂಗೆ ಏನೂ ಅರ್ಥ ಆಗ್ತಿರಲಿಲ್ಲ, ಆದ್ರೆ ಅಪ್ಪ ಯಾಕೆ ಅಳ್ತಾನೆ ಅಂತ ಮಾತ್ರ ಅನ್ನಿಸ್ತಿತ್ತು."

ಹೊರಗೆ ಬಂದಾಗ ಮಗ ಬಂಡೆ ಮೇಲೆ ಕೂತು, ಡಬ್ಬದಿಂದ ಗಂಗಾಳನ್ನು ತೆಗೆದು ನೋಡ್ತಿದ್ದ. ಆ ಸೀರೆ ತನ್ನ ಜೋಳಿಗೆಯದ್ದು ಅಂತ ಅವನಿಗೆ ಗೊತ್ತಿತ್ತು. ಹೆರಿಗೆಯಾದ ಮೇಲೆ ಅಮ್ಮನಿಗೆ ಹುಷಾರಿರಲಿಲ್ಲ ಅನ್ನುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಅತ್ತೆ ಅವನ ಪಕ್ಕ ಕೂತರು. ಇಪ್ಪತ್ತು ನಿಮಿಷ ಏನೋ ಹೇಳಿದರು. ನಾನು ದೂರದಲ್ಲಿ ಡಾಕ್ಟರ್ ವಿಜಯ್‌ನನ್ನು ಒಂದು ಪೊಟರೆಯ ಹತ್ತಿರ ನಿಲ್ಲಿಸಿ, ಬೇಡದಿದ್ದರೂ ಐವತ್ತು ಫೋಟೋ ತೆಗೆದೆ. ತಿರುಗಿ ನೋಡಿದಾಗ ಗೊಂಬೆ ಅತ್ತೆಯ ಅಂಗೈ ಮೇಲಿತ್ತು, ಅವನು ಅದರ ಒಂಟಿ ಗೆಜ್ಜೆಯನ್ನು ಬೆರಳ ತುದಿಯಿಂದ ಮುಟ್ಟುತ್ತಿದ್ದ. ಅದನ್ನು ಕ್ಲಿಕ್ ಮಾಡಿದೆ. ಮುಖಗಳಿಲ್ಲ, ಬರೀ ಕೈಗಳು, ಗೊಂಬೆ, ಹಿಂದೆ ಒದ್ದೆ ಬಂಡೆ. ಅವತ್ತು ತೆಗೆದ ಸುಮಾರು ಮುನ್ನೂರು ಫೋಟೋಗಳಲ್ಲಿ ನಾನು ಉಳಿಸಿಕೊಂಡಿರುವುದು ಒಂಬತ್ತು, ಅದರಲ್ಲಿ ಇದು ಒಂದು.

ಇಳಿಯುವಾಗ ಮಳೆ ಹನಿಯಿತು. ಹಣ್ಣುಕಾಯಿ ಅಂಗಡಿ ಅಜ್ಜಿ ರಾಜನ ರುಂಡ ನೋಡಿ, "ನಾನು ಹೇಳ್ಲಿಲ್ವಾ?" ಅಂದರು.

ದಸರಾಕ್ಕೆ ಅತ್ತೆ ಮನೆಯಲ್ಲಿ ಗೊಂಬೆ ಕೂರಿಸ್ತಾರೆ. ಈ ಸಲ ಗಂಗಾಳನ್ನೂ ಇಡ್ತೀನಿ ಅಂದಾಗ ಅಜ್ಜಿ ತಕರಾರು ತೆಗೆದಿದ್ದರು, "ಪಟ್ಟದ ಗೊಂಬೆ ಪಕ್ಕ ದೆವ್ವನ ಕೂರಿಸ್ತಾರೇನ್ಲಾ? ಮನೆಗೆ ಒಳ್ಳೇದಾ?" ಅಜ್ಜಿಗೆ ಈಗ 80 ದಾಟಿದೆ. ಕನ್ನಡಕ ಹಾಕಿಕೊಂಡು, ಗೊಂಬೆಯನ್ನು ಕಿಟಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಸಿರು ಸೀರೆಯನ್ನು ಉಗುರಿನಿಂದ ಸವರಿದರು. ಗುರುತು ಸಿಕ್ಕಿತು ಅಂತ ಕಾಣುತ್ತೆ. ಏನೂ ಮಾತಾಡದೆ ಕೊನೆಯ ಮೆಟ್ಟಿಲಿನಲ್ಲಿ, ಶೆಟ್ಟರ ಅಂಗಡಿ ಗೊಂಬೆಗಳ ಪಕ್ಕ ಜಾಗ ಮಾಡಿಕೊಟ್ಟರು. ಒಂಬತ್ತು ದಿನವೂ ಆರತಿ ತಟ್ಟೆ ಅವಳ ಮುಂದೆ ಒಂದು ಸುತ್ತು ಹೆಚ್ಚೇ ತಿರುಗಿತು ಅಂತ ಅತ್ತೆ ಮಗ ಹೇಳ್ತಾನೆ, ನಾನು ನೋಡಿದ್ದು ಎರಡು ದಿನ ಮಾತ್ರ.

ಇದನ್ನು ಅತ್ತೆಗೆ ಓದಿಸಿಯೇ ಕಳಿಸುತ್ತಿದ್ದೇನೆ. ಹೆಸರು ಬೇಡ, ಊರು ಹಾಕಿದರೆ ಪರವಾಗಿಲ್ಲ ಅಂದರು. ಮುಂದಿನ ವರ್ಷಕ್ಕೆ ದ್ವಾರಕೀಶ್ ಬೇಕಂತೆ, ಹೆದರಿ ನಡುಗುವ ಭಂಗಿಯಲ್ಲೇ. ಕ್ಲೇ ತಂದಿಟ್ಟಿದ್ದೀನಿ. ರಾಜನ ತಲೆಯನ್ನು ಅಂಟಿಸಿಕೊಡ್ತೀನಿ ಅಂದರೆ ಮಾತ್ರ, "ಇರಲಿ ಬಿಡು, ಹಾಗೇ ಚೆನ್ನಾಗಿದ್ದಾನೆ" ಅಂತಾರೆ.